ಶನಿವಾರದ ಶೇಗಡಿ

ನವೆಂಬರ್ ೧೬, ಶನಿವಾರ

ಔಷಧ ಕಂಪನಿಯವರು ವರ್ಷದ ಮೊದಲಿಗೆ ಲ್ಯಾಬಿನಲ್ಲಿ ಹಂಚಿದ ದಿನಚರಿ ಇಲ್ಲಿಯವರೆಗೆ ಖಾಲಿ ಬಿದ್ದಿತ್ತು. ಪ್ರತಿ ಪುಟದ ಕೆಳಗೆ ಮಲಬದ್ಧತೆಯ ಸಿರಪ್ಪಿನ ಜಾಹೀರಾತು ಇದೆ. ಇಂಥದ್ದನ್ನು ಯಾರೂ ಕದ್ದು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ನಾವು ಕ್ಯಾಂಪಿಂಗ್ ಮಾಡಿದೆವು. ಬಹಳ ದೂರವೇನಲ್ಲ, ಗಬ್ಬೂರ ಬೈಪಾಸಿನ ಬದಿಗೆ, ಮಾಲತೇಶ ಅವರ ವರ್ಕ್‌ಶಾಪಿನ ಹಿತ್ತಲಲ್ಲಿ. ಮಾಲತೇಶ ಅವರು ಎಂದರೆ ನನ್ನ ಗಂಡ. ಮದುವೆಯಾಗಿ ಮೂರು ತಿಂಗಳಾದರೂ ಹಾಗೆ ಬರೆಯಲು ಕೈ ಹಿಂಜರಿಯುತ್ತದೆ. ಅವರು ವಾಹನಗಳಿಗೆ ಸೀಟು ಹೊಲಿಯುತ್ತಾರೆ. ಒಂದು ಹಳೆಯ ಶಾಲಾ ವ್ಯಾನು ಕೊಂಡು, ಒಳಗೆ ಮಂಚ, ಕಪಾಟು, ಕಿಟಕಿಗೆ ಪರದೆ ಹಾಕಿ ಮಲಗುವ ವ್ಯಾನು ಮಾಡಿದ್ದಾರೆ. ದಾಂಡೇಲಿ ಕಡೆಗೆ ಹೋಗುವವರಿಗೆ ಬಾಡಿಗೆಗೆ ಕೊಡುವ ಯೋಚನೆ. ಹಿಂಬಾಗಿಲ ಮೇಲಿನ ‘ಮಕ್ಕಳಿದ್ದಾರೆ, ನಿಧಾನ’ ಎಂಬ ಅಕ್ಷರಗಳನ್ನು ಇನ್ನೂ ಅಳಿಸಿಲ್ಲ.

ವ್ಯಾನಿನ ಜೊತೆಗೆ ಮುಂಬೈಯಿಂದ ಒಂದು ಬೆಂಕಿಯನ್ನೂ ತರಿಸಿದ್ದಾರೆ. ಪರಾತದಷ್ಟು ಅಗಲದ ಕಬ್ಬಿಣದ ಬೋಗುಣಿ, ಅದಕ್ಕೆ ಮೂರು ಕಾಲು, ನಡುವೆ ತೂತು ತೂತಿನ ಒಂದು ಬಳೆ, ಬಳೆಯ ಮೇಲೆ ಹರಡಿದ ಕಪ್ಪು ಕಲ್ಲುಗಳು. ಪಕ್ಕದಲ್ಲಿ ಪ್ರೊಪೇನ್ ಗ್ಯಾಸಿನ ಸಣ್ಣ ಸಿಲಿಂಡರು. ಗುಂಡಿ ತಿರುವಿದರೆ ಕಲ್ಲುಗಳ ಸಂದಿಯಿಂದ ಬೆಂಕಿ ಏಳುತ್ತದೆ. ಕಟ್ಟಿಗೆ ಬೇಡ, ಊದುವುದು ಬೇಡ, ಹೊಗೆಯೂ ಇಲ್ಲ. ಕಾಡಿನ ಹತ್ತಿರ ಕಟ್ಟಿಗೆ ಸುಡಲು ಬಿಡುವುದಿಲ್ಲವಂತೆ, ಹೋಗುವವರಿಗೆ ಮಾತ್ರ ಬೆಂಕಿ ಬೇಕೇ ಬೇಕಂತೆ. ಬಾಡಿಗೆಗೆ ಬಿಡುವ ಮೊದಲು ಮನೆಮಂದಿಯೇ ಬಳಸಿ ನೋಡಬೇಕು ಎಂದು ಪ್ರತಿ ಶನಿವಾರ ಇದರ ಮುಂದೆ ಕೂಡುವುದೆಂದು ನಿರ್ಧಾರವಾಗಿದೆ.

ಕೆಂಡ ತುಂಬುವ ಶೇಗಡಿಯೊಂದನ್ನೇ ಕಂಡಿದ್ದ ಅತ್ತೆ ಸತ್ಯವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಹೊಗಿ ಇಲ್ಲ, ಬೂದಿ ಇಲ್ಲ. ಕಲ್ಲು ಸುಡಾಕ ಗ್ಯಾಸ್ ಸುಡ್ತಿಯೇನೋ ಮಾಲತೇಶಾ? ಇದೆಂಥಾ ಶೇಗಡಿ!”

“ಯವ್ವಾ, ಇದು ಅಡಗಿಗಲ್ಲ. ಸುಮ್ಮ ಮುಂದ ಕುಂದ್ರಾಕ.”

“ಸುಮ್ಮ ಕುಂದ್ರಾಕ ಬೆಂಕಿ ಯಾಕ ಬೇಕು? ನಾ ಹಂಗ ಕುಂದರ್ತೇನಿ.”

ಹೀಗೆಂದವರು ಎಲ್ಲರಿಗಿಂತ ಹತ್ತಿರ ಕುಳಿತರು.

ಮಾಲತೇಶ ಅವರ ಮಗಳು ಪೂನಮ್ ಒಂಬತ್ತನೇ ಇಯತ್ತೆ. ನನ್ನ ಜೊತೆ ಮಾತಾಡುವುದಿಲ್ಲ. ಏನಾದರೂ ಬೇಕಾದರೆ ಅಜ್ಜಿಯ ಮೂಲಕ ಹೇಳಿಸುತ್ತಾಳೆ. “ಆಯಿ, ಅವರಿಗೆ ಒಂಚೂರು ಸರಿಯಾಕ ಹೇಳು” ಎನ್ನುತ್ತಾಳೆ. ನಾನು ಪಕ್ಕದಲ್ಲೇ ಕುಳಿತಿರುತ್ತೇನೆ. ಅವಳ ತಾಯಿ ಜಯಾ ತೀರಿಕೊಂಡು ಮೂರು ವರ್ಷವಾಯಿತು. ಮದುವೆಯ ಮರುದಿನ ಬೆಳಿಗ್ಗೆ ನಾನು ಮಾಡಿದ ಚಹಾವನ್ನು ಹುಡುಗಿ ತೆಗೆದುಕೊಂಡು ಹೋಗಿ ತುಳಸಿಗೆ ಹಾಕಿದಳು. ಸತ್ಯವ್ವ ಅವತ್ತೇ ನನ್ನನ್ನು ಬದಿಗೆ ಕರೆದು, “ಹುಡುಗಿ ಮನಸ್ಸು ತಿಳಿ ಆಗೋತನಕ ಒಲಿ ನನ್ನ ಕೈಯಾಗ ಇರ್ಲಿ. ನೀ ತಪ್ಪು ತಿಳ್ಕೊಬ್ಯಾಡ” ಎಂದರು. ನಾನು ತಪ್ಪು ತಿಳಿಯಲಿಲ್ಲ. ಹದಿನೆಂಟು ವರ್ಷದಿಂದ ವಿದ್ಯಾನಗರದ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಿದ್ದೇನೆ. ನನ್ನನ್ನು ಕಂಡು ಖುಷಿಪಟ್ಟವರು ಯಾರೂ ಇಲ್ಲ. ರೂಢಿಯಾಗಿದೆ.

ಆದರೂ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡಿದ್ದೇನೆ. ಸಂಕ್ರಾಂತಿಯವರೆಗೆ ನೋಡುವುದು. ಅಷ್ಟರೊಳಗೆ ನನ್ನ ಕೈಯ ಒಂದು ತುತ್ತು ಆ ಹುಡುಗಿಯ ಹೊಟ್ಟೆಗೆ ಇಳಿಯದಿದ್ದರೆ, ಅವಳ ಮನೆಯಲ್ಲಿ ಮುಳ್ಳಾಗಿ ಕೂಡುವುದಕ್ಕಿಂತ ಗುಲ್ಜಾರಬಿಯವರ ಮನೆಯ ಮಹಡಿಯ ಮೇಲಿನ ನನ್ನ ಹಳೆಯ ಕೋಣೆಗೆ ಹೋಗಿಬಿಡುವುದು. ಕೋಣೆ ಬಿಟ್ಟಿಲ್ಲ, ಬೀಗದ ಕೈ ಪರ್ಸಿನಲ್ಲಿದೆ. ಯಾರಿಗೂ ಹೇಳಿಲ್ಲ.

ಬೆಂಕಿ ಚೆನ್ನಾಗಿ ಉರಿಯಿತು. ಸೊಳ್ಳೆ ಹೋಗಲಿಲ್ಲ.

ನವೆಂಬರ್ ೨೩, ಶನಿವಾರ

ಈ ಸಲ ನಿಜವಾಗಿಯೂ ಊರು ಬಿಟ್ಟೆವು. ಸುಳ್ಳ ಎಂಬ ಹಳ್ಳಿಯಲ್ಲಿ ಸತ್ಯವ್ವನವರ ತಮ್ಮ ಬೀರಪ್ಪನವರ ಹೊಲವಿದೆ. ಹೊಲದ ಬದುವಿಗೆ ವ್ಯಾನು ನಿಲ್ಲಿಸಿದೆವು. ಸುತ್ತ ಮೊಣಕಾಲೆತ್ತರದ ಜೋಳ.

ಸತ್ಯವ್ವ ವ್ಯಾನಿನೊಳಗೆ ಕಾಲಿಡಲು ಒಪ್ಪಲಿಲ್ಲ.

“ಬಾಗಿಲಾ ಐತಿ, ಮಲಗಾಕ ಜಾಗಾ ಐತಿ. ಅಂದಮ್ಯಾಲೆ ಇದು ಮನಿ. ಹಾಲು ಉಕ್ಕಿಸದ ಮನ್ಯಾಗ ನಾ ಮಲಗಂಗಿಲ್ಲ.”

“ಯವ್ವಾ, ಆ ಶೇಗಡಿ ಮ್ಯಾಲೆ ಬೋಗಣಿ ಇಡಬಾರದಂತ” ಎಂದರು ಮಾಲತೇಶ ಅವರು.

“ಯಾರು ಹೇಳ್ಯಾರ?”

“ಡಬ್ಬಿ ಮ್ಯಾಲೆ ಬರದಾರ.”

“ಬರದಾಂವ ಮನಿ ಕಟ್ಟ್ಯಾನೇನು?”

ಹಾಲು ಬಂತು, ಹೊಸ ಪಾತ್ರೆ ಬಂತು. ಹಾಲು ಉಕ್ಕಿಸುವುದು ಮನೆಯ ಹೆಣ್ಣುಮಗಳು. ಸತ್ಯವ್ವ ಪಾತ್ರೆ ಹಿಡಿದು ನನ್ನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಆಮೇಲೆ, “ಪೂನಮ್, ಬಾ ಇಲ್ಲಿ” ಎಂದರು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ. ನನಗೆ ಬಹಳ ನೋವಾಯಿತು. ಒಂದು ಸೌತೆಕಾಯಿಯಲ್ಲಿ ಅಷ್ಟೊಂದು ಹೋಳು ಆಗುತ್ತವೆಂದು ಗೊತ್ತಿರಲಿಲ್ಲ.

ಕಲ್ಲುಗಳ ಮೇಲೆ ಪಾತ್ರೆ ಇಟ್ಟು ಎಲ್ಲರೂ ಮೂಡಣಕ್ಕೆ ಮುಖ ಮಾಡಿ ಕೈಮುಗಿದು ನಿಂತೆವು. ಸುಮ್ಮನೆ ಮುಂದೆ ಕೂಡುವ ಬೆಂಕಿಯಾದ್ದರಿಂದ ಹಾಲಿಗೆ ಕಾವು ಹತ್ತಲೇ ಇಲ್ಲ. ಸತ್ಯವ್ವ ಗುಂಡಿ ಪೂರ್ತಿ ತಿರುವಿಸಿದರು. ಆಗ ಹಾಲು ಹೇಗೆ ಉಕ್ಕಬೇಕೋ ಹಾಗೆ ಉಕ್ಕಿತು. ನಾಲ್ಕೂ ದಿಕ್ಕಿಗೆ, ಸಮೃದ್ಧವಾಗಿ, ಕಲ್ಲುಗಳ ನಡುವಿನಿಂದ ತೂತಿನ ಬಳೆಯೊಳಕ್ಕೆ.

“ಮೂಡಕ್ಕ ಉಕ್ಕಿತು, ಛಲೋ ಆತು!” ಎಂದು ಸತ್ಯವ್ವ ಕೈಮುಗಿಯುವುದಕ್ಕೂ ಬೆಂಕಿ ‘ಫುಸ್’ ಎಂದು ಆರುವುದಕ್ಕೂ ಸರಿಹೋಯಿತು. ಸುಟ್ಟ ಹಾಲಿನ ವಾಸನೆಗೆ ಸುಳ್ಳದ ನಾಯಿಗಳೆಲ್ಲ ಬಂದವು. ಗುಂಡಿ ಮತ್ತೆ ಮತ್ತೆ ತಿರುವಿದರೂ ಒಂದು ಮೂಲೆಯಲ್ಲಿ ಮಾತ್ರ ದೀಪದಷ್ಟು ಉರಿ ಬಂತು.

“ನಾ ಬೇಕಂತ ಮಾಡಿಲ್ಲ” ಎಂದಳು ಹುಡುಗಿ. ಬೇಕೆಂದು ಮಾಡಿದೆ ಎಂದು ಯಾರೂ ಹೇಳಿರಲಿಲ್ಲ.

“ಇರ್ಲಿ ಬಿಡು” ಎಂದು ಮಾಲತೇಶ ಅವರು ಗಾಲಿಗಳ ಗಾಳಿ ನೋಡಲು ಹೋದರು. ಮನಸ್ಸಿಗೆ ಕಷ್ಟವಾದಾಗ ಅವರು ಗಾಳಿ ನೋಡುತ್ತಾರೆ. ಇವತ್ತು ಸ್ಟೆಪ್ನಿಯದನ್ನೂ ನೋಡಿದರು.

ಹುಡುಗಿ ಊಟ ಮಾಡದೆ ವ್ಯಾನಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸತ್ಯವ್ವ ಮಾತ್ರ ಶಾಸ್ತ್ರ ಮುಗಿಯಿತೆಂಬ ನೆಮ್ಮದಿಯಲ್ಲಿ ವ್ಯಾನು ಹತ್ತಿ ಗೊರಕೆ ಹೊಡೆದರು.

ನವೆಂಬರ್ ೨೪, ರವಿವಾರ

ಮುಂಬೈಯ ಅಂಗಡಿಯವರಿಗೆ ಫೋನು ಮಾಡಿದರೆ ಹೊಸ ಬಳೆ ಬರಲು ಒಂದು ತಿಂಗಳು ಎಂದರು. ಹೇಗೆ ಕೆಟ್ಟಿತು ಎಂದು ಕೇಳಿದರು. ಮಾಲತೇಶ ಅವರು ಗೃಹಪ್ರವೇಶದ ವಿಷಯ ಹಿಂದಿಯಲ್ಲಿ ಹೇಳಲು ನೋಡಿ, ಅರ್ಧಕ್ಕೆ ಬಿಟ್ಟರು.

ನಾನು ಕಲ್ಲುಗಳನ್ನು ತೆಗೆದು ಪಂಪಿನ ನೀರಿನಲ್ಲಿ ತೊಳೆದೆ. ಬಳೆಯ ತೂತುಗಳಲ್ಲಿ ಹಾಲು ಸುಟ್ಟು ಅಂಟಾಗಿ ಗಟ್ಟಿಯಾಗಿತ್ತು. ಪರ್ಸಿನಲ್ಲಿ ಲ್ಯಾಬಿನ ಸೂಜಿಗಳ ಪೊಟ್ಟಣ ಇತ್ತು. ದಪ್ಪ ಸೂಜಿ ಹಿಡಿಸಲಿಲ್ಲ, ಮಕ್ಕಳಿಗೆ ಬಳಸುವ ತೆಳುವಾದದ್ದು ಸರಿಹೋಯಿತು. ಒಂದು ತುದಿಯಿಂದ ಒಂದೊಂದೇ ತೂತು ಬಿಡಿಸುತ್ತ ಬಂದೆ.

ಸ್ವಲ್ಪ ಹೊತ್ತಿಗೆ ಹುಡುಗಿ ಬಂದು ಬಳೆಯ ಆಚೆ ಬದಿಗೆ ಕುಳಿತಳು. ದೂರದಲ್ಲಿ ಬದುವಿನ ಮೇಲೆ ಸತ್ಯವ್ವ ತಮ್ಮನ ಜೊತೆ ಮಾತಾಡುತ್ತ ನಿಂತಿದ್ದರು. ಅಲ್ಲಿಯವರೆಗೆ ಕೂಗಿದರೂ ಕೇಳುವಂತಿರಲಿಲ್ಲ. ಆದರೂ ಆ ಕಡೆಗೇ ಮುಖ ಮಾಡಿ, “ಆಯಿ, ಇವು ಹೊಸಾ ಸೂಜಿ ಹೌದಿಲ್ಲೋ ಕೇಳು” ಎಂದಳು.

ನಾನೂ ಬದುವಿನ ಕಡೆಗೇ ಹೇಳಿದೆ. “ಹೊಸಾವ ಅದಾವು, ಯಾರಿಗೂ ಚುಚ್ಚಿಲ್ಲ ಅಂತ ಹೇಳ್ರಿ ಅತ್ತಿ.”

ಅವಳು ಒಂದು ಸೂಜಿ ತೆಗೆದುಕೊಂಡಳು. ನಮ್ಮ ಮೊದಲ ಸಂಭಾಷಣೆ ಹೀಗಾಯಿತು. ಸತ್ಯವ್ವನವರಿಗೆ ಅದು ಇನ್ನೂ ಗೊತ್ತಿಲ್ಲ.

ಕೈ ಚುರುಕಾಗಿದೆ ಹುಡುಗಿಯದು. ಇಬ್ಬರೂ ಬಿಡಿಸುತ್ತ ಬಿಡಿಸುತ್ತ ಒಂದೇ ಕಡೆಗೆ ಬಂದೆವು. ಗುಂಡಿ ತಿರುವಿದಾಗ ಬೆಂಕಿ ಸುತ್ತಲೂ ಹತ್ತಿತು. ಮಾಲತೇಶ ಅವರು “ಅರೇ” ಎಂದರು. ಸಂತೋಷಕ್ಕೆ ಅವರ ಬಳಿ ಇರುವ ಮಾತು ಅದೊಂದೇ.

ನವೆಂಬರ್ ೨೭, ಬುಧವಾರ

ಮನೆಯಲ್ಲಿ ಮೆಂತ್ಯದ ಪಲ್ಯ. ಪಾತ್ರೆ ನಾನು ತೊಳೆದೆ. ತೊಳೆಯುವುದಕ್ಕೆ ಅಡ್ಡಿಯಿಲ್ಲ.

ನವೆಂಬರ್ ೩೦, ಶನಿವಾರ

ಮತ್ತೆ ಸುಳ್ಳ. ಸಂಜೆ ಸತ್ಯವ್ವ ಊರೊಳಗೆ ತಮ್ಮನ ಮನೆಗೆ ಹೋದರು. ನಮ್ಮ ಇವರು ವ್ಯಾನಿನ ಕೆಳಗೆ ಏನೋ ಬಿಗಿಯುತ್ತ ಮಲಗಿದ್ದರು, ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬೆಂಕಿಯ ಮುಂದೆ ನಾನು ಮತ್ತು ಪೂನಮ್ ಇಬ್ಬರೇ. ನಡುವೆ ಮಾತು ದಾಟಿಸಲು ಯಾರೂ ಇಲ್ಲ.

ಅವಳು ಬೆಂಕಿಗೆ ಹೇಳಿದಳು. “ಥಂಡಿ ಆಗಾಕತ್ತೈತಿ. ಯಾರರ ಗುಂಡಿ ತಿರುವಿದ್ರ ಛಲೋ ಆಗ್ತಿತ್ತು.”

ನಾನು ತಿರುವಿದೆ. “ಇಷ್ಟು ಸಾಕೇನು?” ಎಂದು ನಾನೂ ಬೆಂಕಿಯನ್ನೇ ಕೇಳಿದೆ.

“ಸಾಕು” ಎಂದಳು ಬೆಂಕಿಗೆ.

ಮಧ್ಯಸ್ಥಿಕೆಗೆ ಇದು ಒಳ್ಳೆಯ ಬೆಂಕಿ. ಕಟ್ಟಿಗೆಯ ಬೆಂಕಿಯ ಹಾಗೆ ಚಟಪಟ ಎಂದು ನಡುವೆ ಬಾಯಿ ಹಾಕುವುದಿಲ್ಲ. ಹೀಗೆ ಗಣಿತದ ಮಾಸ್ತರರು ಹೊಡೆಯುತ್ತಾರೆಂಬುದು, ಗೆಳತಿ ಮಾನಸಿ ಶಾಲೆ ಬದಲಾಯಿಸಿದ್ದು, ಎಲ್ಲ ಬೆಂಕಿಗೆ ವರದಿಯಾಯಿತು. ನನಗೆ ಯಾರೂ ಏನೂ ಹೇಳಲಿಲ್ಲ.

ಬೆಂಕಿಯ ಮೇಲೆ ತಂತಿಯ ಜಾಳಿಗೆ ಇಟ್ಟು ಬದನೆಕಾಯಿ ಸುಟ್ಟೆ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಕುಟ್ಟಿ ಹಾಕಿ ಭರ್ತ ಮಾಡಿದೆ. ಇವರು ಎರಡು ರೊಟ್ಟಿ ಹೆಚ್ಚು ತಿಂದರು. ಪೂನಮ್ ಅಜ್ಜಿ ಕಟ್ಟಿಕೊಟ್ಟ ರೊಟ್ಟಿಯನ್ನು ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿಯ ಜೊತೆ ತಿಂದಳು. ಭರ್ತವನ್ನು ಒಂದು ಸಲ ನೋಡಿದಳು. ನೋಡಿದ್ದನ್ನೂ ಬರೆದುಕೊಳ್ಳುವ ಗತಿ ನನಗೆ ಬಂದಿದೆ.

ಲ್ಯಾಬಿನಲ್ಲಿ ಕೆಲವರ ನರ ಸಿಗುವುದೇ ಇಲ್ಲ. ಹೊಸಬರು ಕೈಯನ್ನು ಪಟಪಟ ಬಡಿಯುತ್ತಾರೆ. ಬಡಿದಷ್ಟೂ ಅದು ಒಳಗೆ ಹೋಗುತ್ತದೆ. ಕೈ ಬೆಚ್ಚಗಿಟ್ಟುಕೊಳ್ಳಿ ಎಂದು ಹೇಳಿ ಸುಮ್ಮನೆ ಕೂಡಬೇಕು. ನನಗೆ ಕೂಡಲು ಬರುತ್ತದೆ, ಆದರೆ ಸಂಕ್ರಾಂತಿ ಹತ್ತಿರ ಬರುತ್ತಿದೆ.

ಡಿಸೆಂಬರ್ ೧೪, ಶನಿವಾರ

ಒದ್ದೆ ತಲೆಯಲ್ಲೇ ಗಡಿಬಿಡಿಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟವಾದರೆ ಆಗಲಿ.

ಮಧ್ಯಾಹ್ನ ಸುಳ್ಳ ಮುಟ್ಟುವಾಗಲೇ ಮೋಡ ಇತ್ತು. ಅಕಾಲದ ಮಳೆ ಸುರಿಯತೊಡಗಿತು. ಎರೆಮಣ್ಣಿನಲ್ಲಿ ವ್ಯಾನಿನ ಹಿಂದಿನ ಗಾಲಿ ಹೂತುಕೊಂಡಿತು. ಇವರು ಟ್ರ್ಯಾಕ್ಟರ್ ತರಲು ಊರೊಳಗೆ ಹೋದರು. ಇವರ ದಾರಿ ನೋಡಲು ನಾನು ಛತ್ರಿ ಹಿಡಿದು ರಸ್ತೆಯವರೆಗೆ ಹೋಗಿ ನಿಂತೆ. ಟ್ರ್ಯಾಕ್ಟರಿನ ಸುಳಿವೇ ಇಲ್ಲ. ಚಳಿಗಾಳಿ ಬೇರೆ. ಕಾದು ಕಾದು ಮರಳಿ ಬಂದೆ.

ಬಂದರೆ ವ್ಯಾನಿನ ಕಿಟಕಿಗಳೆಲ್ಲ ಮುಚ್ಚಿವೆ, ಗಾಜಿನ ಮೇಲೆ ಆವಿ, ಪರದೆಯ ಹಿಂದೆ ಕೆಂಪು ಬೆಳಕು. ಹೊರಗಿಟ್ಟಿದ್ದ ಶೇಗಡಿ ಜಾಗದಲ್ಲಿಲ್ಲ.

ಬಾಗಿಲು ಎಳೆದೆ. ಎರಡು ಮಂಚಗಳ ನಡುವೆ ಶೇಗಡಿ ಧಗಧಗ ಉರಿಯುತ್ತಿದೆ. ಸತ್ಯವ್ವ ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದರು. ಪೂನಮ್ ತೂಕಡಿಸುತ್ತಿದ್ದಳು.

“ತಲಿ ಭಾರ ಆಗೈತಿ. ಬೆಚ್ಚಗ ಛಲೋ ನಿದ್ದಿ ಬರಾಕತ್ತಿತ್ತು, ಬಾಗಿಲಾ ಹಾಕ” ಎಂದರು ಸತ್ಯವ್ವ.

ಆಮೇಲೆ ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಗುಂಡಿ ಆರಿಸಿದೆ. ಪೂನಮ್‌ಳ ರಟ್ಟೆ ಹಿಡಿದು ಮಳೆಯೊಳಕ್ಕೆ ಎಳೆದುಕೊಂಡೆ. ಅತ್ತೆಯನ್ನೂ ಇಳಿಸಿದೆ. ನನ್ನ ತವರು ಗರಗದಲ್ಲಿ ನಮ್ಮ ಅವ್ವ ಬೈಯುತ್ತಿದ್ದ ಬೈಗುಳಗಳು ಒಂದೊಂದಾಗಿ ಬಾಯಿಗೆ ಬಂದವು.

“ಬುದ್ಧಿ ಐತೇನ ನಿನಗ, ಹುಚ್ಚ ಖೋಡಿ! ಎಲ್ಲಾ ಮುಚ್ಚಿ ಒಳಗ ಬೆಂಕಿ ಹಚ್ಚತಾರೇನು? ಸಾಯಬೇಕಂತ ಮಾಡಿಯೇನು?”

“ಆಕಿಗೆ ಯಾಕ ಬೈತಿ? ನಾನ ತರಾಕ ಹೇಳಿದ್ದು” ಎಂದರು ಸತ್ಯವ್ವ. “ಬಾಣಂತಿ ಖೋಲ್ಯಾಗ ಶೇಗಡಿ ಇಡ್ತಿದ್ವಿ. ಇದರಾಗ ಹೊಗಿನೂ ಇಲ್ಲ.”

“ಹೊಗಿ ಇಲ್ಲಂದ್ರ ವ್ಯಾಳ್ಯಾಕ್ಕ ಗೊತ್ತಾಗಂಗಿಲ್ಲರಿ ಅತ್ತಿ! ಹೊಗಿ ಇದ್ರ ಕೆಮ್ಮಿ ಹೊರಗ ಬರ್ತೀರಿ. ಇದರ ವಿಷಗಾಳಿ ಸುಮ್ಮ ರಕ್ತಕ್ಕ ಕೂಡ್ತೈತಿ. ನಿದ್ದಿ ಬಂದಂಗ ಆಗಿ ಏಳಂಗ ಇಲ್ಲ. ಬಚ್ಚಲಾಗ ಗ್ಯಾಸ್ ಗೀಸರ್ ಹಚ್ಚಿ ಹೋದವರ ರಿಪೋರ್ಟ್ ನಾ ನೋಡೇನಿ!”

ಪೂನಮ್ ತೊಯ್ದು ತೊಪ್ಪೆಯಾಗಿ ಅಳುತ್ತಿದ್ದಳು. ರಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ನೇರ ನನ್ನ ಮುಖ ನೋಡಿ, “ನೀ ಯಾರು ನನಗ ಬೈಯಾಕ?” ಎಂದಳು.

ಅಜ್ಜಿಗಲ್ಲ, ಬೆಂಕಿಗಲ್ಲ, ನನಗೇ ಹೇಳಿದ ಮೊದಲ ಮಾತು ಅದು. ಒಳ್ಳೆಯ ಪ್ರಶ್ನೆ.

“ಯಾರರ ಆಗ್ಲಿ” ಎಂದೆ. “ಒಳಗ ಬೆಂಕಿ ಹಚ್ಚಂಗಿಲ್ಲ.”

ಇವರು ಟ್ರ್ಯಾಕ್ಟರ್ ತಂದಾಗ, ಒಳಗೆ ಒಣಗಿದ ವ್ಯಾನು ಖಾಲಿ ಇತ್ತು, ಅದರ ಪಕ್ಕದಲ್ಲಿ ಮೂವರು ಹೆಂಗಸರು ನೆನೆಯುತ್ತ ನಿಂತಿದ್ದೆವು. ಇವರು ನಮ್ಮನ್ನು ನೋಡಿದರು. ಬಗ್ಗಿ ಗಾಲಿ ನೋಡಿದರು.

ಡಿಸೆಂಬರ್ ೧೫, ರವಿವಾರ

ಒದ್ದೆ ಬಟ್ಟೆ, ಕಂಬಳಿ ಒಣಹಾಕಿದೆ. ನನಗೆ ಸೀನು.

ಡಿಸೆಂಬರ್ ೧೭, ಮಂಗಳವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ದಿನ ಗಾಜಿನ ಸಾಮಾನು ಹೊತ್ತವಳ ಹಾಗೆ ಆ ಮನೆಯಲ್ಲಿ ಓಡಾಡಿದ್ದೆ. ಒಂದು ಗಳಿಗೆಯಲ್ಲಿ ಎಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ಇವತ್ತು ಲ್ಯಾಬಿನ ಸಾಮಾನಿನ ಕೋಣೆಯಲ್ಲಿ ನಿಂತು ಅತ್ತುಬಿಟ್ಟೆ. ಊಟದ ಮೊದಲಿನ ಸಕ್ಕರೆ ಪರೀಕ್ಷೆಯವರು ಮುಗಿದಿದ್ದರು, ಊಟದ ನಂತರದವರು ಇನ್ನೂ ಬಂದಿರಲಿಲ್ಲ.

ಸಂಜೆ ಸತ್ಯವ್ವ ಒಂದು ಲೋಟ ಕಷಾಯ ತಂದು ಕೈಗೆ ಕೊಟ್ಟರು.

“ನಮ್ಮ ಜಯಾ ಇದ್ದಿದ್ರ ಬರೇ ಬೈದು ಬಿಡ್ತಿದ್ದಿಲ್ಲ. ಇಬ್ಬರಿಗೂ ಎರಡೆರಡು ಬಿಗೀತಿದ್ಲು” ಎಂದರು. ಎಂದವರು ಅಡುಗೆಮನೆಗೆ ಹೋದರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಕಷಾಯಕ್ಕೆ ಮೆಣಸು ಹೆಚ್ಚಾಗಿತ್ತು.

ಡಿಸೆಂಬರ್ ೨೧, ಶನಿವಾರ

ಸುಳ್ಳಕ್ಕೆ ಹೋಗಲಿಲ್ಲ. ಹೊಲ ಇನ್ನೂ ಹಸಿ ಇದೆಯಂತೆ.

ಪರಿಸ್ಥಿತಿ ಕೆಟ್ಟಿದೆ. ಮೊದಲೆಲ್ಲ ಪೂನಮ್ ನನ್ನೆದುರು ಬಾಗಿಲು ಹಾಕಬೇಕಾದರೆ ನೆಂಟರ ಮುಂದೆ ಹಾಕಿದ ಹಾಗೆ ಮೆಲ್ಲಗೆ ಹಾಕುತ್ತಿದ್ದಳು. ಈಗ ದಢಾರನೆ ಬಡಿಯುತ್ತಾಳೆ. ನನ್ನ ಸ್ವೆಟರನ್ನು ಕೇಳದೆ ತೆಗೆದುಕೊಂಡು ಶಾಲೆಗೆ ಹಾಕಿಕೊಂಡು ಹೋಗಿ, ತೋಳಿಗೆ ಶಾಯಿ ಮಾಡಿಕೊಂಡು ಬಂದಿದ್ದಾಳೆ. ಕೇಳಿದರೆ, “ಅದೇನ ಹೊಸಾದಿತ್ತೇನು?” ಎನ್ನುತ್ತಾಳೆ. ನಿಂಬೆಹಣ್ಣು ಹಚ್ಚಿ ತಿಕ್ಕಿದೆ. ಹೋಗಲಿಲ್ಲ.

ಡಿಸೆಂಬರ್ ೨೮, ಶನಿವಾರ

ಲ್ಯಾಬಿನಿಂದ ಬರುತ್ತ ಗುಲ್ಜಾರಬಿಯವರ ಮನೆಗೆ ಹೋಗಿ ಕೋಣೆಯ ಬೀಗದ ಕೈ ಕೊಟ್ಟು ಬಂದೆ. ಅವರ ತಂಗಿಯ ಮಗಳು ಕಾಲೇಜಿಗೆ ಬರುವವಳಿದ್ದಾಳೆ.

“ಆಕಿಗೆ ಸೈ, ನಿಮಗ ಮತ್ತ ಬೇಕಾದ್ರ?” ಎಂದು ಕೇಳಿದರು.

ಎರಡು ಕಡೆ ಕಸ ಗುಡಿಸುವುದು ಯಾರಿಗೆ ಬೇಕು. ಅಲ್ಲದೆ ಅಲ್ಲಿ ನಳದ ನೀರು ಸರಿಯಾಗಿ ಬರುವುದಿಲ್ಲ.

ಬರುವಾಗ ಶಾಯಿಯ ಕಲೆಗೆಂದು ಒಂದು ಪುಡಿ ತಂದೆ. ಅದೂ ಉಪಯೋಗವಿಲ್ಲ.

ಜನವರಿ ೧೧, ಶನಿವಾರ

ಹೊಸ ವರ್ಷದ ದಿನಚರಿ ಕಂಪನಿಯವರು ಕೊಟ್ಟಿಲ್ಲ. ಹಳೆಯದರ ಫೆಬ್ರುವರಿಯಲ್ಲಿ ಬರೆಯುತ್ತಿದ್ದೇನೆ.

ಸುಳ್ಳದ ಜೋಳಕ್ಕೆ ಹಾಲು ತುಂಬಿದೆ, ಸೀತನಿ ಕಾಲ. ಎಳೆಯ ತೆನೆಯನ್ನು ಸಗಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ತಿನ್ನುವುದು. ಬಾಡಿಗೆಯವರು ಚಳಿಗಾಲದಲ್ಲಿ ಬಂದರೆ ಗ್ಯಾಸಿನ ಮೇಲೆಯೇ ಸೀತನಿ ಆಗುತ್ತದೋ ನೋಡೋಣ ಎಂದರು ಇವರು. ಜಾಳಿಗೆಯ ಮೇಲೆ ತೆನೆ ಇಟ್ಟೆ. ಕೆಂಡವಿಲ್ಲದ ಬೆಂಕಿಗೆ ತಾಳ್ಮೆ ಎಲ್ಲಿಯದು, ಒಂದು ಕ್ಷಣದಲ್ಲಿ ತೆನೆಗೆ ಉರಿಯೇ ಹತ್ತಿತು.

“ಗುಂಡಿ ಸಣ್ಣ ಮಾಡು ಅಂತ ಎಷ್ಟ ಸಲ ಹೇಳ್ಬೇಕು ನಿನಗ?” ಎಂದಳು ಪೂನಮ್. “ಹೊರಗ ಕರಕಲ, ಒಳಗ ಹಸಿ. ಒಂದೂ ಬರಂಗಿಲ್ಲ ನಿನಗ!”

ಹಿರಿಯರ ಜೊತೆ ಹೀಗೆ ಮಾತಾಡುವುದು ಸರಿಯಲ್ಲ. ಇವರಿಗೆ ಹೇಳಬೇಕೆಂದುಕೊಂಡೆ. ಸತ್ಯವ್ವ ಕುಳ್ಳು ಒಟ್ಟಿ ಬೇರೆ ಸೀತನಿ ಮಾಡುವ ಗಡಿಬಿಡಿಯಲ್ಲಿ ಮರೆತುಹೋಯಿತು.

ವ್ಯಾನಿಗೆ ಮೊದಲ ಗಿರಾಕಿ ಸಿಕ್ಕಿದ್ದಾರೆ. ಇಪ್ಪತ್ತೈದಕ್ಕೆ ದಾಂಡೇಲಿ. ಬಾಗಿಲ ಒಳಬದಿಗೆ ದೊಡ್ಡದಾಗಿ, ‘ಒಳಗೆ ಬೆಂಕಿ ಹಚ್ಚಬಾರದು’ ಎಂದು ಬರೆಸಬೇಕೆಂದು ನಾನು ಹೇಳಿದೆ. ಪೂನಮ್ ತಾನೇ ಬಣ್ಣ ತೆಗೆದುಕೊಂಡು ಬರೆದಳು. ಕೆಳಗೆ, ‘ಹಚ್ಚಿದರೆ ಬೈಸಿಕೊಳ್ಳುತ್ತೀರಿ’ ಎಂದು ಸೇರಿಸಿದಳು. ಅದನ್ನು ಅಳಿಸು ಎಂದರೆ ಕೇಳಲಿಲ್ಲ.

ಜನವರಿ ೧೬, ಗುರುವಾರ

ಹಬ್ಬ ಮುಗಿಯಿತು. ನನ್ನ ದವಡೆ ಹಲ್ಲು ನೋಯುತ್ತಿದೆ, ಗಟ್ಟಿ ಸಕ್ಕರೆಯ ಕುಸುರೆಳ್ಳಿನ ಪ್ರಸಾದ. ಮೊನ್ನೆ ಪೂನಮ್ ಓಣಿಯ ಎಲ್ಲರಿಗೂ ಕುಸುರೆಳ್ಳು ಹಂಚಿದಳು. ನನಗೂ ಕೊಟ್ಟಳು, ಎದುರುಮನೆಯ ನಾಯಿಗೂ ಕೊಟ್ಟಳು. ನಾನೂ ಅವಳ ಕೈಗೆ ಒಂದಿಷ್ಟು ಹಾಕಿದೆ. ತಿಂದಳೋ ಬಿಟ್ಟಳೋ ನೋಡಲಿಲ್ಲ, ಲ್ಯಾಬಿಗೆ ಹೊತ್ತಾಗಿತ್ತು.

ಸತ್ಯವ್ವನವರ ಸಕ್ಕರೆ ಏರಿದೆ. ಹೋಳಿಗೆಯ ಡಬ್ಬಿಯನ್ನು ಅವರಿಗೆ ಸಿಗದ ಕಡೆ ಇಡಬೇಕು.

ಜನವರಿ ೨೫, ಶನಿವಾರ

ಬೆಳಿಗ್ಗೆ ಗಿರಾಕಿಗಳು ಬಂದರು. ವ್ಯಾನು ಓಡಿಸಲು ಇವರೇ ಹೋದರು. ಶೇಗಡಿಯೂ ಹೋಯಿತು. ಸತ್ಯವ್ವ ಸುಳ್ಳದಲ್ಲಿ ತಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಹೋಗುವ ಮೊದಲು ರೊಟ್ಟಿ ಬಡಿದು, ಝುಣಕ ಮಾಡಿ, ಪೂನಮ್‌ಳದ್ದನ್ನು ಬೇರೆ ಮುಚ್ಚಿಟ್ಟಿದ್ದರು.

ಸಂಜೆಯಾದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಶನಿವಾರ ಮನೆಯಲ್ಲಿ ಕೂಡುವುದು ಇಬ್ಬರಿಗೂ ತಪ್ಪಿಹೋಗಿದೆ. ನಾನು ಇಸ್ತ್ರಿ ಮಾಡುತ್ತಿದ್ದೆ. ಪೂನಮ್ ಎರಡು ಸಲ ಬಂದು ಎರಡು ಸಲ ಹೋದಳು. ಮೂರನೆಯ ಸಲ ಬಾಗಿಲಿಗೆ ಒರಗಿ ನಿಂತಳು.

“ಹಸಿವಾಗೈತಿ. ಏನರ ಮಾಡು.”

“ಆಯಿ ಮಾಡಿಟ್ಟದ್ದು ಐತಲ್ಲ.”

“ಅದು ಬ್ಯಾಡ. ಬಿಸೀದು ಏನರ ಮಾಡು.”

ನಾನು ಇಸ್ತ್ರಿಪೆಟ್ಟಿಗೆ ಆರಿಸಿ ಎದ್ದೆ. ಆ ಅಡುಗೆಮನೆಗೆ ದಿನಾಲೂ ಹೋಗುತ್ತೇನೆ, ಆದರೆ ಹೊಸ್ತಿಲು ದಾಟಿ ಬಲಕ್ಕೆ, ಪಾತ್ರೆ ತೊಳೆಯುವ ಕಡೆಗೆ. ಒಲೆ ಎಡಕ್ಕಿದೆ. ಹೊಸ್ತಿಲಲ್ಲಿ ನಿಂತೆ. ಅವಳು ನನ್ನ ಪಕ್ಕದಿಂದ ನುಸುಳಿ ಒಳಗೆ ಹೋಗಿ ಲೈಟು ಹಾಕಿದಳು.

“ಏನ ನಿಂತೀಯವ್ವಾ ದೇವರಂಗ? ಉಪ್ಪಿಟ್ಟು ಮಾಡಾಕರ ಬರ್ತೈತಿಲ್ಲೋ?”

“ಬರ್ತೈತಿ. ರವಾ ಎಲ್ಲೈತಿ ಗೊತ್ತಿಲ್ಲ.”

ಅವಳು ಒಂದೊಂದೇ ಡಬ್ಬಿ ಇಳಿಸಿದಳು. ರವೆ, ಸಾಸಿವೆ, ಕಡಲೆಬೇಳೆ. ಜಯಾ ತಂದ ಡಬ್ಬಿಗಳು, ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದೆ. ಉಪ್ಪಿನ ಡಬ್ಬಿ ಇಳಿಸಿ ಪೂನಮ್ ಕೈಯಲ್ಲೇ ಹಿಡಿದುಕೊಂಡಳು.

“ನಮ್ಮವ್ವ ಉಪ್ಪು ಒಲಿ ಬಾಜೂಕ ಇಡ್ತಿದ್ಲು. ಆಯಿ ಮ್ಯಾಲೆ ಇಡ್ತಾಳ. ನೀ ಎಲ್ಲಿ ಇಡ್ತಿ?”

ನಾನು ಅವಳನ್ನು ನೋಡಲಿಲ್ಲ.

“ನಿಮ್ಮವ್ವ ಇಡೋ ಕಡೀನ ಇರ್ಲಿ” ಎಂದೆ.

ಅವಳು ಡಬ್ಬಿಯನ್ನು ಒಲೆಯ ಪಕ್ಕಕ್ಕೆ ಇಟ್ಟು, ಕಡ್ಡಿ ಗೀರಿ ನನ್ನ ಕೈಗೆ ಕೊಟ್ಟಳು. ನಾನು ಒಲೆ ಹಚ್ಚಿದೆ. ರವೆ ಹುರಿಯಲು ಹಾಕಿದೆ. ಕಣ್ಣು ಮಂಜಾಗಿ ಬಾಣಲೆಯೊಳಗಿನದು ಸರಿಯಾಗಿ ಕಾಣಲಿಲ್ಲ. ಉಳ್ಳಾಗಡ್ಡಿ ಇನ್ನೂ ಹೆಚ್ಚಿಯೇ ಇರಲಿಲ್ಲ. ಹುರಿಯುತ್ತಲೇ ಇದ್ದೆ, ರವೆ ತಳ ಹಿಡಿಯಿತು.

ಅಲ್ಲೇ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕುಳಿತು ತಿಂದೆವು.

“ಹೊತ್ತೈತಿ” ಎಂದಳು ಪೂನಮ್. ಎರಡನೆಯ ಸಲ ನೀಡಿಸಿಕೊಳ್ಳುವಾಗಲೂ ಅದನ್ನೇ ಹೇಳಿದಳು.